ಜೈಲು ಸಿಬ್ಬಂದಿಗೆ ಬ್ಯಾರಕ್ಕಿನ ಪಾಠ: ಪದೇ ಪದೇ ಕೇಳುವ ಪ್ರಶ್ನೆಗಳು

ವಾರ್ಡರ್ (ಜೈಲಿನ ಕಾವಲು ಸಿಬ್ಬಂದಿ) ಕೆಲಸಕ್ಕೆ ಹೊಸದಾಗಿ ಸೇರಿದವರು, ಸೇರಬೇಕು ಅಂದುಕೊಂಡವರು, ಅವರಿಗೆ ತರಬೇತಿ ಕೊಡುವವರು, ಮಗನೋ ಅಣ್ಣನೋ ಒಳಗಿರುವ ಮನೆಯವರು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಕರ್ನಾಟಕದ ಮತ್ತು ಭಾರತದ ಜೈಲುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಉತ್ತರ ಬರೆದಿದ್ದೇನೆ. ಬೇರೆ ದೇಶದ ಮಾತು ಬಂದರೆ ಅದು ನಮಗೆ ಕೆಲಸಕ್ಕೆ ಬರುವಷ್ಟು ಮಾತ್ರ.

ಜೈಲೊಳಗೆ ಬೇರೆಯದೇ ಒಂದು ಸಮಾಜ ಇದೆ ಅಂತಾರಲ್ಲ, ಏನದು?

ಸಂಜೆ ಎಣಿಕೆ ಮುಗಿದು ಬೀಗ ಬಿದ್ದ ಮೇಲೆ ಬ್ಯಾರಕ್ಕಿನ ಒಳಗೆ ಸಿಬ್ಬಂದಿ ಇರುವುದಿಲ್ಲ. ಬೆಳಗ್ಗೆ ಬೀಗ ತೆಗೆಯುವ ತನಕ ಹತ್ತಾರು ಜನ ಒಂದೇ ಸೂರಿನಡಿ ಇರಬೇಕು. ಫ್ಯಾನ್ ಕೆಳಗೆ ಯಾರು ಮಲಗೋದು? ಕಕ್ಕಸಿನ ಬಾಗಿಲ ಹತ್ತಿರ ಯಾರು? ಟಿವಿಯಲ್ಲಿ ಯಾವ ಚಾನೆಲ್? ಬಕೆಟ್ ನೀರು ಮೊದಲು ಯಾರಿಗೆ? ಇದ್ಯಾವುದನ್ನೂ ಜೈಲು ಕೈಪಿಡಿ ತೀರ್ಮಾನ ಮಾಡೋದಿಲ್ಲ, ಒಳಗಿನವರೇ ಮಾಡುತ್ತಾರೆ. ಅದಕ್ಕೊಂದು ಮೇಲು ಕೀಳು ಇದೆ, ದಂಡ ಇದೆ, ಸಾಲ ಇದೆ, ಉಪಕಾರ ಇದೆ, ಮರ್ಯಾದೆ ಇದೆ.

1950ರ ದಶಕದಲ್ಲಿ ಅಮೆರಿಕದ ಟ್ರೆಂಟನ್ ಜೈಲಿನಲ್ಲಿ ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞರೊಬ್ಬರು ಕೈದಿ ಕಳೆದುಕೊಳ್ಳುವ ಐದು ಸಂಗತಿಗಳನ್ನು ಗುರುತಿಸಿದರು: ಸ್ವಾತಂತ್ರ್ಯ, ಬೇಕಾದ ವಸ್ತುಗಳು, ಸಂಗಾತಿಯ ಜೊತೆ, ತನ್ನ ತೀರ್ಮಾನ ತಾನೇ ಮಾಡುವ ಹಕ್ಕು, ಜೀವಭಯವಿಲ್ಲದ ನಿದ್ದೆ. ಹೋದದ್ದರಲ್ಲಿ ಸ್ವಲ್ಪವಾದರೂ ವಾಪಸ್ ಸಿಗಲಿ ಎಂದು ಜನ ಒಳಗೆ ಒಂದು ವ್ಯವಸ್ಥೆ ಕಟ್ಟಿಕೊಳ್ಳುತ್ತಾರೆ. ಆ ಸಮಾಜಶಾಸ್ತ್ರಜ್ಞರು ಇನ್ನೊಂದು ಮಾತೂ ಹೇಳಿದರು, ಸಿಬ್ಬಂದಿಗೆ ಅದೇ ಮುಖ್ಯ. ಕಾವಲುಗಾರನ ಅಧಿಕಾರ ಕಾಗದದ ಮೇಲೆ ಪೂರ್ತಿ ಇರುತ್ತದೆ. ನಿಜದಲ್ಲಿ ಕೈದಿಗಳು ಎಷ್ಟು ಸಹಕರಿಸುತ್ತಾರೋ ಅಷ್ಟೇ ಇರುತ್ತದೆ.

ಹಾಗಾದರೆ ಅಮೆರಿಕದ ಪಾಠವನ್ನೇ ಇಲ್ಲೂ ಹೇಳಿಕೊಡಬಹುದಲ್ವಾ?

ಪೂರ್ತಿ ಆಗೋದಿಲ್ಲ. ಆ ಅಧ್ಯಯನಗಳು ಶಿಕ್ಷೆಯಾಗಿ ವರ್ಷಗಟ್ಟಲೆ ಒಳಗಿರುವವರ ಬಗ್ಗೆ. ನಮ್ಮ ಜೈಲುಗಳ ಬಹುಪಾಲು ಜನ ವಿಚಾರಣಾಧೀನರು. ಎನ್‌ಸಿಆರ್‌ಬಿಯ (ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ) 2022ರ ಲೆಕ್ಕದ ಪ್ರಕಾರ ದೇಶದ ಜೈಲುಗಳಲ್ಲಿ 5,73,220 ಜನ ಇದ್ದರು. ಅವರಲ್ಲಿ 4,34,302 ಜನರ ಕೇಸು ಇನ್ನೂ ತೀರ್ಮಾನ ಆಗಿರಲಿಲ್ಲ. ಅಂದರೆ ನಾಲ್ವರಲ್ಲಿ ಮೂವರು.

ಇದರಿಂದ ಎಲ್ಲವೂ ಬದಲಾಗುತ್ತದೆ. ಸಜಾಬಂದಿಗೆ, ಅಂದರೆ ಶಿಕ್ಷೆಯಾದವನಿಗೆ, ಜೈಲೇ ಮನೆ. ಅವನಿಗೆ ಗಲಾಟೆ ಬೇಡ. ಪೆರೋಲ್ ಬೇಕು, ಸನ್ನಡತೆ ಬೇಕು, ತನ್ನ ಕೆಲಸ, ತನ್ನ ಜಾಗ ಹಾಗೇ ಉಳಿಯಬೇಕು. ವಿಚಾರಣಾಧೀನ ಕೈದಿಯ ಮನಸ್ಸು ಮಾತ್ರ ಪೂರ್ತಿ ಹೊರಗಿರುತ್ತದೆ. ವಕೀಲರು ಬಂದರಾ? ಜಾಮೀನಿಗೆ ಶ್ಯೂರಿಟಿ ಸಿಕ್ಕಿತಾ? ಡೇಟ್ ಯಾವಾಗ? ಹೊರಗಿನ ಗುಂಪು, ಹೊರಗಿನ ಹಗೆ, ಹೊರಗಿನ ದುಡ್ಡು ಎಲ್ಲವೂ ಅವನ ಜೊತೆಗೇ ಗೇಟು ದಾಟಿ ಬರುತ್ತವೆ. ಹೊರಗೆ ಯಾರ ಕೈಯಲ್ಲಿ ಏರಿಯಾ ಇದೆಯೋ ಒಳಗೆ ಅವರ ಕಡೆಯವನದೇ ಮಾತು ನಡೆಯುತ್ತದೆ. ಬ್ಯಾರಕ್ಕಿನ ನಾಯಕತ್ವ ಒಳಗೆ ಹುಟ್ಟೋದಕ್ಕಿಂತ ಹೊರಗಿಂದ ಬರೋದೇ ಜಾಸ್ತಿ. ಭಾರತದ ವಾರ್ಡರ್‌ಗೆ ಮೊದಲ ದಿನವೇ ಹೇಳಿಕೊಡಬೇಕಾದ ಪಾಠ ಇದು ಅಂತ ನನ್ನ ಅಭಿಪ್ರಾಯ.

ಬೀಗ, ಎಣಿಕೆ, ತಪಾಸಣೆ ಸರಿಯಾಗಿ ಮಾಡಿದರೆ ಸಾಲದಾ?

ಬೇಕೇ ಬೇಕು. ಆದರೆ ಅಷ್ಟೇ ಸಾಲದು.

ಬೆಂಗಳೂರಿನ ಶೇಷಾದ್ರಿ ರಸ್ತೆಯಲ್ಲಿದ್ದ ಹಳೇ ಸೆಂಟ್ರಲ್ ಜೈಲು ಈಗ ಫ್ರೀಡಂ ಪಾರ್ಕ್. ಅಲ್ಲಿನ ಕಾವಲು ಗೋಪುರ ಇನ್ನೂ ನಿಂತಿದೆ. ಅದರ ಬುಡದಲ್ಲಿ ನಿಂತು ಸುತ್ತ ನೋಡಿದರೆ ಕಟ್ಟಿಸಿದವರ ಲೆಕ್ಕಾಚಾರ ಅರ್ಥ ಆಗುತ್ತದೆ. ನಡುವಿನಿಂದ ಎಲ್ಲ ಕಾಣಬೇಕು ಅಂತ. ಈಗ ಆ ಕೆಲಸವನ್ನು ಸಿಸಿಟಿವಿ ಮಾಡುತ್ತದೆ. ಆದರೆ ಇಬ್ಬರು ಪಕ್ಕಪಕ್ಕ ಕೂತು ಊಟ ಮಾಡುತ್ತಿರುವುದು ಮೇಲಿಂದ ಕಂಡೀತು. ಅವರಲ್ಲಿ ಒಬ್ಬ ತನ್ನ ಪಾಲಿನ ಮೊಟ್ಟೆಯನ್ನು ಇನ್ನೊಬ್ಬನ ತಟ್ಟೆಗೆ ಯಾಕೆ ಹಾಕಿದ ಅನ್ನೋದು ಕಾಣೋದಿಲ್ಲ. ಅದು ಗೆಳೆತನವೋ, ಸಾಲದ ಕಂತೋ, ಹೆದರಿಕೆಯೋ? ದಿನಾ ಬ್ಯಾರಕ್ಕಿನಲ್ಲಿ ಓಡಾಡಿ ಮಾತಾಡಿಸುವ ವಾರ್ಡರ್‌ಗೆ ಮಾತ್ರ ಗೊತ್ತಾಗುತ್ತದೆ.

1999ರ ನವೆಂಬರ್‌ನಲ್ಲಿ ಚೆನ್ನೈ ಸೆಂಟ್ರಲ್ ಜೈಲಿನಲ್ಲಿ ದಂಗೆ ಆಯಿತು. ಕೈದಿಗಳ ನಡುವೆ ಪ್ರಭಾವ ಇದ್ದ ಒಬ್ಬ ಕೈದಿ ಸತ್ತ ಸುದ್ದಿ ಒಳಗೆ ಹಬ್ಬಿದ್ದೇ ಕಿಡಿಯಾಯಿತು. ಡೆಪ್ಯುಟಿ ಜೈಲರ್ ಒಬ್ಬರನ್ನು ಸುಟ್ಟು ಕೊಂದರು. ಪೊಲೀಸರ ಗುಂಡಿಗೆ ಕೈದಿಗಳೂ ಸತ್ತರು. ಅಲ್ಲಿ ಬೀಗಗಳೇನೂ ಇಲ್ಲದೆ ಇರಲಿಲ್ಲ. ಹಾಗಾಗಿ ತರಬೇತಿಯಲ್ಲಿ ಕೇಳಬೇಕಾದ ಪ್ರಶ್ನೆಗಳೇ ಬೇರೆ: ಯಾರ ಸಾವು ಯಾರನ್ನು ಕೆರಳಿಸುತ್ತದೆ? ಆ ಸುದ್ದಿಯನ್ನು ಮೊದಲು ಯಾರು, ಯಾರಿಗೆ, ಹೇಗೆ ಹೇಳಬೇಕು? ಗಾಳಿಸುದ್ದಿ ಬ್ಯಾರಕ್ ತಲುಪುವ ಮುಂಚೆ ಅಧಿಕಾರಿಯ ಬಾಯಿಂದ ನಿಜ ತಲುಪಬೇಕು.

ಈಗ ತರಬೇತಿ ಎಲ್ಲಿ ನಡೆಯುತ್ತದೆ?

ದಕ್ಷಿಣದ ರಾಜ್ಯಗಳಿಗೆ ವೆಲ್ಲೂರಿನಲ್ಲಿ ಒಂದು ಅಕಾಡೆಮಿ ಇದೆ, 1979ರಲ್ಲಿ ಶುರುವಾದದ್ದು. ಕರ್ನಾಟಕದ ಅಧಿಕಾರಿಗಳೂ ಅಲ್ಲಿಗೆ ಹೋಗುತ್ತಾರೆ. ಚಂಡೀಗಢ, ಕೋಲ್ಕತ್ತಾಗಳಲ್ಲೂ ಸಂಸ್ಥೆಗಳಿವೆ. ನ್ಯಾಯಮೂರ್ತಿ ಎ. ಎನ್. ಮುಲ್ಲಾ ಸಮಿತಿ 1980ರಿಂದ 83ರವರೆಗೆ ದೇಶದ ಜೈಲುಗಳನ್ನು ಪರಿಶೀಲಿಸಿದಾಗಲೇ ಸಿಬ್ಬಂದಿ ತರಬೇತಿ ಬಗ್ಗೆ ಒತ್ತಿ ಹೇಳಿತ್ತು. 2016ರ ಮಾದರಿ ಕಾರಾಗೃಹ ಕೈಪಿಡಿಯೂ ಹೇಳುತ್ತದೆ. ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ, ಕೈದಿಗಳನ್ನು ಹೇಗೆ ನಡೆಸಿಕೊಳ್ಳಬೇಕು ಅನ್ನುವ ನೆಲ್ಸನ್ ಮಂಡೇಲಾ ನಿಯಮಗಳಲ್ಲಿ 75 ಮತ್ತು 76ನೇ ನಿಯಮಗಳು ತರಬೇತಿಗೇ ಮೀಸಲು. ಮಾತಿನಲ್ಲೇ ಜಗಳ ಬಿಡಿಸುವುದು, ಮಾನಸಿಕ ತೊಂದರೆಯನ್ನು ಬೇಗ ಗುರುತಿಸುವುದು, ಕೈದಿಗಳ ಜೊತೆಗಿನ ಒಡನಾಟದಿಂದ ಭದ್ರತೆ ಕಾಯುವುದು ಎಲ್ಲವನ್ನೂ ಕಲಿಸಬೇಕು ಅಂತ ಅಲ್ಲಿದೆ.

ಕೊರತೆ ಇರುವುದು ಕೆಳಗಿನ ಹಂತದಲ್ಲಿ. ಬ್ಯಾರಕ್ಕಿನಲ್ಲಿ ದಿನವಿಡೀ ಇರೋದು ವಾರ್ಡರ್. ಅವರ ತರಬೇತಿಯಲ್ಲಿ ಪರೇಡ್, ಲಾಠಿ, ಬಂದೂಕು, ಕಾಯ್ದೆಗಳಿಗೆ ಸಿಗುವ ಸಮಯ ಮನುಷ್ಯರನ್ನು ಓದುವ ಪಾಠಕ್ಕೆ ಸಿಗೋದಿಲ್ಲ. ನಾರ್ವೆಯಲ್ಲಿ ಜೈಲು ಅಧಿಕಾರಿ ಆಗಬೇಕಾದರೆ ಸಂಬಳ ಕೊಟ್ಟು ಎರಡು ವರ್ಷ ಓದಿಸುತ್ತಾರೆ. ಪ್ರತಿ ಕೈದಿಗೂ ಒಬ್ಬ ಅಧಿಕಾರಿಯನ್ನು ಗೊತ್ತು ಮಾಡಿರುತ್ತಾರೆ. ಅಷ್ಟು ನಮ್ಮಿಂದ ಇವತ್ತು ಆಗದೇ ಇರಬಹುದು. ಆದರೆ ಪ್ರತಿ ಬ್ಯಾಚಿಗೂ ಈ ವಿಷಯಕ್ಕೆಂದೇ ಪೂರ್ತಿ ಒಂದು ವಾರ ಎತ್ತಿಡೋಕೆ ಯಾವ ಬಜೆಟ್ಟೂ ಬೇಕಾಗಿಲ್ಲ.

ಹೊಸದಾಗಿ ಬಂದ ಕೈದಿಯ ವಿಷಯದಲ್ಲಿ ಏನನ್ನು ನೋಡಬೇಕು?

ಇದಕ್ಕೆ ಸ್ವಲ್ಪ ಉದ್ದ ಉತ್ತರ ಬೇಕು, ಯಾಕಂದ್ರೆ ಮೊದಲ ಕೆಲವು ದಿನಗಳಲ್ಲೇ ಬಹಳಷ್ಟು ತೀರ್ಮಾನ ಆಗಿಬಿಡುತ್ತದೆ.

ಹುಡುಗನೊಬ್ಬ ಮೊದಲ ಸಲ ಬರುತ್ತಾನೆ ಅಂದುಕೊಳ್ಳಿ. ಕೋರ್ಟಿಂದ ಬರುವಷ್ಟರಲ್ಲಿ ಸಂಜೆ. ಗೇಟಿನಲ್ಲಿ ಹೆಸರು, ಗುರುತು, ತಪಾಸಣೆ. ಬೆಳಗ್ಗೆಯಿಂದ ಸರಿಯಾಗಿ ತಿಂದಿರೋದಿಲ್ಲ. ಮನೆಗೆ ಗೊತ್ತಾಗಿದೆಯೋ ಇಲ್ಲವೋ ಅಂತಲೂ ಅವನಿಗೆ ಗೊತ್ತಿರೋದಿಲ್ಲ. ಬ್ಯಾರಕ್ಕಿನ ಒಳಗೆ ಕಾಲಿಟ್ಟ ತಕ್ಷಣ ಹತ್ತಾರು ಕಣ್ಣುಗಳು ಅವನ ಮೇಲೆ. ಆಗ ಯಾರೋ ಒಬ್ಬ ನಗುತ್ತಾ ಹತ್ತಿರ ಬರುತ್ತಾನೆ. "ಬಾರೋ ತಮ್ಮ, ಯಾವೂರು? ಯಾವ ಕೇಸು?" ಅಂತ ಕೇಳುತ್ತಾನೆ. ಮಲಗೋಕೆ ಜಾಗ ತೋರಿಸುತ್ತಾನೆ, ಸೋಪು ಕೊಡುತ್ತಾನೆ, ಬಿಸ್ಕತ್ತು ಕೊಡುತ್ತಾನೆ. ನಾಳೆ ಮನೆಗೆ ಫೋನ್ ಮಾಡಿಸೋಣ ಅನ್ನುತ್ತಾನೆ.

ಇದು ನಿಜವಾದ ಕರುಣೆಯೇ ಆಗಿರಬಹುದು. ಜೈಲಿನಲ್ಲಿ ಅಂಥ ಕರುಣೆಗೆ ಬರ ಇಲ್ಲ. ಹಳೇ ಕೈದಿಗಳು ಎಷ್ಟೋ ಹೊಸಬರನ್ನು ಮೊದಲ ರಾತ್ರಿ ಸಂಭಾಳಿಸಿ ಉಳಿಸಿದ್ದಾರೆ. ಆದರೆ ಅದು ಸಾಲದ ಮೊದಲ ಕಂತೂ ಆಗಿರಬಹುದು. ಎರಡು ವಾರ ಬಿಟ್ಟು ಅದೇ ಹುಡುಗ ಆ ಮನುಷ್ಯನ ಬಟ್ಟೆ ಒಗೆಯುತ್ತಿರುತ್ತಾನೆ. ಸಂದರ್ಶನಕ್ಕೆ ಬಂದ ಅಮ್ಮನ ಹತ್ತಿರ ಇದ್ದಕ್ಕಿದ್ದಂತೆ ಜಾಸ್ತಿ ದುಡ್ಡು ಕೇಳುತ್ತಿರುತ್ತಾನೆ. ಅಥವಾ ಯಾರದೋ ಮೊಬೈಲನ್ನು ತನ್ನ ಹಾಸಿಗೆಯಲ್ಲಿ ಬಚ್ಚಿಡುತ್ತಿರುತ್ತಾನೆ, ಸಿಕ್ಕಿಬಿದ್ದರೆ ಕೇಸು ಅವನ ಮೇಲೆ.

ಹಾಗಾದರೆ ವಾರ್ಡರ್ ಏನು ಮಾಡಬೇಕು? ಸೋಪು, ತಟ್ಟೆ, ಹೊದಿಕೆ, ಮನೆಗೆ ಒಂದು ಕರೆ, ಉಚಿತ ವಕೀಲರ ಮಾಹಿತಿ, ಇವು ಮೊದಲ ದಿನವೇ ಇಲಾಖೆಯ ಕೈಯಿಂದ ಸಿಗುವಂತೆ ನೋಡಿಕೊಳ್ಳಬೇಕು. ಇಲಾಖೆ ಕೊಡದೇ ಇದ್ದದ್ದನ್ನು ಬೇರೆ ಯಾರೋ ಕೊಡುತ್ತಾರೆ, ಬೆಲೆ ಅವರೇ ಕಟ್ಟುತ್ತಾರೆ. ಮೂರನೇ ದಿನ, ವಾರದ ಕೊನೆಗೆ, ತಿಂಗಳಿಗೆ ಅವನನ್ನು ಪಕ್ಕಕ್ಕೆ ಕರೆದು ಮಾತಾಡಿಸಬೇಕು. "ತೊಂದರೆ ಇದೆಯಾ?" ಅಂತ ಕೇಳಿದರೆ "ಇಲ್ಲ ಸರ್" ಅಂತಲೇ ಬರುತ್ತದೆ. ಎಲ್ಲಿ ಮಲಗುತ್ತೀಯಾ, ಯಾರ ಜೊತೆ ಊಟ, ಕ್ಯಾಂಟೀನಿಂದ ಈ ವಾರ ಏನು ತಗೊಂಡೆ ಅಂತ ಕೇಳಿ. ಸ್ವಂತ ಖಾತೆಯಲ್ಲಿ ದುಡ್ಡಿದ್ದೂ ಕೈಯಲ್ಲಿ ಒಂದು ಬಿಸ್ಕತ್ತು ಪ್ಯಾಕೆಟ್ ಇಲ್ಲ ಅಂದರೆ ವಿಷಯ ಅರ್ಥ ಆಯಿತಲ್ವಾ?

ಬೀಡಿ, ಬಿಸ್ಕತ್ತಿನ ಲೆಕ್ಕವನ್ನೆಲ್ಲ ಸಿಬ್ಬಂದಿ ಯಾಕೆ ತಲೆಗೆ ಹಚ್ಚಿಕೊಳ್ಳಬೇಕು?

ಜೈಲಿನಲ್ಲಿ ನಗದು ಇಟ್ಟುಕೊಳ್ಳುವಂತಿಲ್ಲ. ಹಾಗಾಗಿ ಸುಲಭಕ್ಕೆ ಕೈ ಬದಲಾಗುವ ವಸ್ತುವೇ ದುಡ್ಡಾಗುತ್ತದೆ. ಬೀಡಿಯ ಬೆಲೆ ಇದ್ದಕ್ಕಿದ್ದಂತೆ ಏರಿತು ಅಂದರೆ ಹೊರಗಿಂದ ಬರುತ್ತಿದ್ದ ದಾರಿ ಯಾವುದೋ ಮುಚ್ಚಿದೆ ಅಂತ ಅರ್ಥ. ಸಾಲಗಾರರ ಮೇಲೆ ಒತ್ತಡ ಜಾಸ್ತಿ ಆಗುತ್ತದೆ. ಸಾಲ ತೀರಿಸಲಾಗದವನು ಬೇರೆ ಬ್ಯಾರಕ್ಕಿಗೆ ಹಾಕಿ ಎಂದು ಅರ್ಜಿ ಕೊಡುತ್ತಾನೆ, ಹೊಟ್ಟೆನೋವು ಅಂತ ಆಸ್ಪತ್ರೆ ಸೇರುತ್ತಾನೆ, ಕೆಲವೊಮ್ಮೆ ಕೈ ಕೊಯ್ದುಕೊಳ್ಳುತ್ತಾನೆ. ಕಾರಣ ಹೇಳದ ಬ್ಯಾರಕ್ ಬದಲಾವಣೆ ಅರ್ಜಿಯನ್ನು ಸುಮ್ನೆ ಪಕ್ಕಕ್ಕೆ ತಳ್ಳಬಾರದು.

ಸಿಬ್ಬಂದಿ ಕಮ್ಮಿ. ಬ್ಯಾರಕ್ ಉಸ್ತುವಾರಿಯನ್ನು ಒಳ್ಳೇ ಕೈದಿಗಳಿಗೇ ಕೊಟ್ಟರೆ ತಪ್ಪೇನು?

ಇದು ಬಹಳ ಹಳೇ ರೂಢಿ. 1894ರ ಪ್ರಿಸನ್ಸ್ ಕಾಯ್ದೆಯಲ್ಲೇ ಕೈದಿಗಳನ್ನು ಅಧಿಕಾರಿಗಳಾಗಿ ನೇಮಿಸುವ ಪ್ರಸ್ತಾಪ ಇದೆ. ಹಾಗೆ ನೇಮಕವಾದವರು ಸಾರ್ವಜನಿಕ ಸೇವಕರಿಗೆ ಸಮ ಅಂತ ಅದು ಹೇಳಿತು. ರಾತ್ರಿ ಕಾವಲು, ಸಾಲು ನಿಲ್ಲಿಸೋದು, ಊಟ ಹಂಚೋದು ಎಲ್ಲವನ್ನೂ ಕೈದಿಗಳ ಕೈಲಿ ಮಾಡಿಸಿದ್ದೇವೆ. ಅಡುಗೆ, ತೋಟ, ಗ್ರಂಥಾಲಯ, ಪಾಠ ಹೇಳೋದು, ಇವನ್ನು ಅವರಿಗೆ ಕೊಡಲೇಬೇಕು. ಆದರೆ ಇನ್ನೊಬ್ಬನ ಮೇಲೆ ಅಧಿಕಾರ ಕೊಡೋದು ಬೇರೆ. ಮಂಡೇಲಾ ನಿಯಮಗಳ 40ನೇ ನಿಯಮ ಸ್ಪಷ್ಟವಾಗಿ ಹೇಳುತ್ತದೆ: ಶಿಸ್ತು ಕಾಯುವ ಕೆಲಸಕ್ಕೆ ಕೈದಿಯನ್ನು ಹಾಕಬಾರದು.

2017ರ ಜೂನ್‌ನಲ್ಲಿ ಮುಂಬೈನ ಬೈಕಲ್ಲಾ ಮಹಿಳಾ ಜೈಲಿನಲ್ಲಿ ಆದದ್ದನ್ನು ಪ್ರತಿ ತರಗತಿಯಲ್ಲೂ ಹೇಳಬೇಕು. ಮಂಜುಳಾ ಶೆಟ್ಯೆ ಶಿಕ್ಷೆಯಾದ ಕೈದಿ. ಒಳ್ಳೇ ನಡತೆ ನೋಡಿ ಅವರಿಗೆ ಬ್ಯಾರಕ್ಕಿನ ಉಸ್ತುವಾರಿ ಕೊಟ್ಟಿದ್ದರು. ಒಂದು ಬೆಳಗ್ಗೆ ಬಂದ ತಿಂಡಿಯಲ್ಲಿ ಎರಡು ಮೊಟ್ಟೆ, ಐದು ಪಾವ್ ಬ್ರೆಡ್ ಕಡಿಮೆ ಇದ್ದವು. ಅದರ ವಿಚಾರದಲ್ಲಿ ಜೈಲು ಸಿಬ್ಬಂದಿ ಅವರನ್ನು ಹೊಡೆದರು ಎಂದು ಎಫ್‌ಐಆರ್‌ನಲ್ಲಿದೆ. ಅವರು ತೀರಿಕೊಂಡರು. ಇಡೀ ಜೈಲಿನ ಹೆಂಗಸರು ತಿರುಗಿಬಿದ್ದರು. ಸಿಬ್ಬಂದಿಯನ್ನು ಬಂಧಿಸಲಾಯಿತು.

ಆ ಉಸ್ತುವಾರಿ ಕೆಲಸದ ಇಕ್ಕಟ್ಟು ನೋಡಿ. ಲೆಕ್ಕ ಕಡಿಮೆ ಬಂದರೆ ಕೆಳಗಿನವರಿಗೆ ಉತ್ತರ ಹೇಳಬೇಕಾದವರು ಅವರು. ಮೇಲಿನವರಿಗೂ ಅವರೇ. ಕೈಯಲ್ಲಿ ಅಧಿಕಾರ ಇಲ್ಲ, ಹೊಣೆ ಮಾತ್ರ ಇದೆ. ಇನ್ನೊಂದು ಥರದವರೂ ಇರುತ್ತಾರೆ. ಈ ಕೆಲಸ ಸಿಕ್ಕ ಕೂಡಲೇ ಫ್ಯಾನ್ ಕೆಳಗಿನ ಜಾಗ ಮಾರುವವರು, ಊಟದ ಸೌಟಿನಲ್ಲಿ ಹಗೆ ತೀರಿಸುವವರು. ಎರಡೂ ಕಡೆ ತಪ್ಪು ಆ ಮನುಷ್ಯರಲ್ಲಿ ಮಾತ್ರ ಇಲ್ಲ. ತಾನು ಮಾಡಬೇಕಾದ ಕೆಲಸವನ್ನು ಇಲಾಖೆ ಇನ್ನೊಬ್ಬರ ಹೆಗಲಿಗೆ ಹಾಕಿದ್ದೇ ಮೂಲ.

ಜಾತಿ ಬಗ್ಗೆ ತರಬೇತಿಯಲ್ಲಿ ಮಾತಾಡಬೇಕಾ? ಅದು ಸೂಕ್ಷ್ಮ ವಿಷಯ ಅಲ್ವಾ?

ಸೂಕ್ಷ್ಮ ಅನ್ನೋದಕ್ಕೇ ಮಾತಾಡಬೇಕು. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟ್ ಸುಕನ್ಯಾ ಶಾಂತಾ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಜಾತಿ ನೋಡಿ ಕಸ ಗುಡಿಸುವ ಕೆಲಸ ಒಬ್ಬರಿಗೆ, ಅಡುಗೆ ಕೆಲಸ ಇನ್ನೊಬ್ಬರಿಗೆ ಅನ್ನುವ ನಿಯಮಗಳು ಹಲವು ರಾಜ್ಯಗಳ ಜೈಲು ಕೈಪಿಡಿಗಳಲ್ಲಿ ಅಲ್ಲಿಯವರೆಗೂ ಉಳಿದಿದ್ದವು. ಅವು ಸಂವಿಧಾನಕ್ಕೆ ವಿರುದ್ಧ ಅಂತ ಕೋರ್ಟ್ ರದ್ದು ಮಾಡಿತು. ಕೈದಿಗಳ ರಿಜಿಸ್ಟರಿನಲ್ಲಿ ಜಾತಿಯ ಕಾಲಂ ತೆಗೆಯಿರಿ ಅಂತಲೂ ಹೇಳಿತು. ಬ್ರಿಟಿಷರು ಹುಟ್ಟಿನಿಂದಲೇ ಅಪರಾಧಿಗಳು ಎಂದು ಹಣೆಪಟ್ಟಿ ಹಚ್ಚಿದ್ದ ಸಮುದಾಯಗಳನ್ನು ಈಗಲೂ ಅದೇ ಕಣ್ಣಿನಿಂದ ನೋಡುವುದನ್ನೂ ಖಂಡಿಸಿತು.

ಕಾಲಂ ತೆಗೆದ ಮಾತ್ರಕ್ಕೆ ಬ್ಯಾರಕ್ಕಿನಿಂದ ಜಾತಿ ಹೋಗೋದಿಲ್ಲ. ಕಕ್ಕಸು ತೊಳೆಯುವ ಪಾಳಿಯಲ್ಲಿ ಪದೇ ಪದೇ ಯಾರ ಹೆಸರು ಬರುತ್ತದೆ? ಅಡುಗೆಮನೆಗೆ ಯಾರನ್ನು ಯಾವತ್ತೂ ಹಾಕೋದಿಲ್ಲ? ಕುಡಿಯುವ ನೀರಿನ ಬಿಂದಿಗೆಯನ್ನು ಯಾರು ಮುಟ್ಟೋದಿಲ್ಲ? ಒಂದು ತಿಂಗಳ ಪಾಳಿ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಕೂತರೆ ಗೊತ್ತಾಗಿಬಿಡುತ್ತದೆ. ಸರದಿಯನ್ನು ಚೀಟಿ ಎತ್ತಿ ಮಾಡಿ, ಗೋಡೆಗೆ ಹಚ್ಚಿ. ಸಿಬ್ಬಂದಿಯೂ ಇದೇ ಸಮಾಜದಿಂದ ಬಂದವರು. ತಮ್ಮೊಳಗಿನದ್ದನ್ನು ನೋಡಿಕೊಳ್ಳದೆ ಈ ಪಾಠ ಮುಗಿಯೋದಿಲ್ಲ.

ಗುಂಪುಗಳನ್ನು ಬೇರೆ ಬೇರೆ ಇಟ್ಟರೆ ಜಗಳ ಕಮ್ಮಿ ಆಗೋದಿಲ್ವಾ?

ತಕ್ಷಣಕ್ಕೆ ಕಮ್ಮಿ ಆಗುತ್ತದೆ. ಎದುರಾಳಿ ಗುಂಪಿನವರನ್ನು ಒಂದೇ ಬ್ಯಾರಕ್ಕಿಗೆ ಹಾಕೋದು ಹುಚ್ಚುತನ. 2015ರ ನವೆಂಬರ್‌ನಲ್ಲಿ ಮಂಗಳೂರು ಜೈಲಿನಲ್ಲಿ ನಡೆದ ಹೊಡೆದಾಟದಲ್ಲಿ ವಿಚಾರಣಾಧೀನ ಕೈದಿಗಳಿಬ್ಬರು ಸತ್ತರು. ಅಂಥದ್ದು ಆದಮೇಲೆ ಯಾವ ಅಧೀಕ್ಷಕರೂ ಧೈರ್ಯ ಮಾಡೋದಿಲ್ಲ.

ಆದರೆ ಧರ್ಮ ಅಥವಾ ಗ್ಯಾಂಗ್ ನೋಡಿ ಬ್ಯಾರಕ್ ಹಂಚುತ್ತಾ ಹೋದರೆ ಒಂದು ಅಪಾಯ ಇದೆ. ಬೈಕ್ ಕಳ್ಳತನದಲ್ಲಿ ಬಂದ ಹುಡುಗನನ್ನು ಅವನ ಹೆಸರು ನೋಡಿ ಒಂದು ಕಡೆ ಹಾಕಿದಿರಿ ಅನ್ನಿ. ಅವನಿಗೆ ಯಾವ ಗುಂಪೂ ಇರಲಿಲ್ಲ. ಈಗ ಬದುಕಿ ಉಳಿಯೋಕೆ ಗುಂಪು ಬೇಕೇ ಬೇಕು. ಆರು ತಿಂಗಳ ನಂತರ ಜಾಮೀನಿನ ಮೇಲೆ ಹೊರಗೆ ಹೋದಾಗ ಅವನ ಫೋನಿನಲ್ಲಿ ಹೊಸ ನಂಬರುಗಳು ಇರುತ್ತವೆ. ಹಗೆ ಇರುವ ಮುಖ್ಯಸ್ಥರನ್ನು ಬೇರೆ ಮಾಡಿ, ಅಗತ್ಯ ಬಿದ್ದರೆ ಬೇರೆ ಜೈಲಿಗೇ ಕಳಿಸಿ. ಗುಂಪಿಲ್ಲದ ಹೊಸಬರನ್ನು ಅವರಿಂದ ದೂರ ಇಡಿ. ನನ್ನ ಲೆಕ್ಕದಲ್ಲಿ ವರ್ಗೀಕರಣದ ಇಡೀ ಕೆಲಸ ಈ ಕೊನೆಯ ಮಾತಿನಲ್ಲಿದೆ.

ಮಹಿಳಾ ವಿಭಾಗದಲ್ಲಿ ಪರಿಸ್ಥಿತಿ ಬೇರೆಯಾ?

ಹೌದು. ಗಂಡಸು ಜೈಲಿಗೆ ಹೋದರೆ ತಾಯಿಯೋ ಹೆಂಡತಿಯೋ ಬುತ್ತಿ ಕಟ್ಟಿಕೊಂಡು ಬರುತ್ತಾರೆ. ಹೆಂಗಸು ಹೋದರೆ ಎಷ್ಟೋ ಸಲ ಯಾರೂ ಬರೋದಿಲ್ಲ. ಹಾಗಾಗಿ ಒಳಗೇ ಅಕ್ಕ, ಅಮ್ಮ, ಮಗಳು ಅಂತ ಸಂಬಂಧಗಳನ್ನು ಕಟ್ಟಿಕೊಳ್ಳುತ್ತಾರೆ. ಆ ಸಂಬಂಧ ಮುರಿದಾಗ ಆಗುವ ನೋವನ್ನು ಸಿಬ್ಬಂದಿ "ಹೆಂಗಸರ ಜಗಳ" ಅಂತ ತಳ್ಳಿಹಾಕಬಾರದು. ಆರು ವರ್ಷದವರೆಗಿನ ಮಕ್ಕಳು ತಾಯಿಯ ಜೊತೆ ಇರಬಹುದು ಎಂದು 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮಗುವಿಗೆ ಆರು ತುಂಬುವ ತಿಂಗಳು ಆ ತಾಯಿಗೆ ಅತಿ ಕಷ್ಟದ ತಿಂಗಳು. ಅದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಳ್ಳಿ.

ಮಾನಸಿಕ ಕಾಯಿಲೆ ನೋಡೋದು ಡಾಕ್ಟರ ಕೆಲಸ ಅಲ್ವಾ?

ಚಿಕಿತ್ಸೆ ಡಾಕ್ಟರದ್ದು. ಮೊದಲು ಗಮನಿಸೋದು ವಾರ್ಡರ್. ನಿಮ್ಹಾನ್ಸ್ ತಜ್ಞರು ಬೆಂಗಳೂರು ಸೆಂಟ್ರಲ್ ಜೈಲಿನಲ್ಲಿ 5,000ಕ್ಕೂ ಹೆಚ್ಚು ಕೈದಿಗಳನ್ನು ಪರೀಕ್ಷಿಸಿ 2011ರಲ್ಲಿ ವರದಿ ಕೊಟ್ಟರು. ವ್ಯಸನಗಳನ್ನು ಬಿಟ್ಟು ನೋಡಿದರೂ ನಾಲ್ವರಲ್ಲಿ ಒಬ್ಬರಿಗಿಂತ ಜಾಸ್ತಿ ಜನರಿಗೆ ಮಾನಸಿಕ ಸಮಸ್ಯೆ ಇತ್ತು. ಊಟ ಬಿಟ್ಟವನು, ಸ್ನಾನ ನಿಲ್ಲಿಸಿದವನು, ತನ್ನ ವಸ್ತುಗಳನ್ನು ಇದ್ದಕ್ಕಿದ್ದಂತೆ ಹಂಚಿಬಿಟ್ಟವನು, ಜಾಮೀನು ತಿರಸ್ಕಾರವಾಗಿ ಕೋರ್ಟಿಂದ ಮಾತಿಲ್ಲದೆ ವಾಪಸ್ ಬಂದವನು. ಇವರ ಹೆಸರು ರಾತ್ರಿ ಪಾಳಿಯವರಿಗೆ ಗೊತ್ತಾಗಬೇಕು. ಪಾಳಿ ಬದಲಾಗುವಾಗ ಎಣಿಕೆಯ ಜೊತೆ ಈ ಹೆಸರುಗಳನ್ನೂ ಒಪ್ಪಿಸುವುದು ರೂಢಿಯಾದರೆ ಎಷ್ಟೋ ಜೀವ ಉಳಿಯುತ್ತದೆ.

ಕೈದಿಗಳಿಂದ ಮಾಹಿತಿ ತೆಗೆಯೋದು ಹೇಗೆ? ಚಾಡಿ ಹೇಳುವವರನ್ನು ಇಟ್ಟುಕೊಳ್ಳಬೇಕಾ?

ಗೊತ್ತು ಮಾಡಿ ಇಟ್ಟುಕೊಂಡ ಚಾಡಿಕೋರ ಎರಡೂ ಕಡೆಗೆ ಅಪಾಯ. ಅವನು ಸಿಕ್ಕಿಬಿದ್ದರೆ ಅವನ ಜೀವಕ್ಕೆ ಅಪಾಯ. ಸಿಕ್ಕಿಬೀಳದಿದ್ದರೆ ನಿಮ್ಮನ್ನು ಬಳಸಿಕೊಂಡು ತನ್ನ ಹಗೆ ತೀರಿಸಿಕೊಳ್ಳುತ್ತಾನೆ. ಯಾರದೋ ಹಾಸಿಗೆ ಕೆಳಗೆ ತಾನೇ ಬ್ಲೇಡ್ ಇಟ್ಟು ತಾನೇ ಬಂದು ಹೇಳುವುದು ಹೊಸದೇನಲ್ಲ.

ಇದರ ಬದಲು ಎಲ್ಲರ ಜೊತೆಗೂ ದಿನಾ ಮಾತಾಡುವ ವಾರ್ಡರ್‌ಗೆ ಮಾಹಿತಿ ತಾನಾಗಿ ಬರುತ್ತದೆ. ಅವರು ಯಾರ ಹತ್ತಿರ ನಿಂತು ಮಾತಾಡಿದರೂ ಯಾರಿಗೂ ಅನುಮಾನ ಬರೋದಿಲ್ಲ. ಇದಕ್ಕೇ ಡೈನಾಮಿಕ್ ಸೆಕ್ಯುರಿಟಿ ಅನ್ನುತ್ತಾರೆ. ವಿಶ್ವಸಂಸ್ಥೆಯ ಮಾದಕವಸ್ತು ಮತ್ತು ಅಪರಾಧ ಕಚೇರಿ 2015ರಲ್ಲಿ ಇದರ ಬಗ್ಗೆಯೇ ಕೈಪಿಡಿ ತಂದಿದೆ. ಹೆಸರು ದೊಡ್ಡದು, ಕೆಲಸ ಸರಳ. ಹೆಸರು ಹಿಡಿದು ಕರೆಯಿರಿ. ಕೊಟ್ಟ ಮಾತು ಉಳಿಸಿಕೊಳ್ಳಿ. ಆಗದೇ ಇದ್ದರೆ ಆಗೋದಿಲ್ಲ ಅಂತ ಅವತ್ತೇ ಹೇಳಿ.

ಮಾತಾಡಿಸುತ್ತಾ ಹೋದರೆ ಕೈದಿಗಳು ನಮ್ಮನ್ನೇ ಬುಟ್ಟಿಗೆ ಹಾಕಿಕೊಳ್ಳೋದಿಲ್ವಾ?

ಹಾಕಿಕೊಳ್ಳಲು ನೋಡುವವರು ಇದ್ದೇ ಇರುತ್ತಾರೆ. 2024ರ ಆಗಸ್ಟ್‌ನಲ್ಲಿ ಪರಪ್ಪನ ಅಗ್ರಹಾರ ಜೈಲಿನ ಹುಲ್ಲುಹಾಸಿನ ಮೇಲೆ ಕುರ್ಚಿ ಹಾಕಿಕೊಂಡು ರೌಡಿಶೀಟರುಗಳ ಜೊತೆ ಕೂತ ವಿಚಾರಣಾಧೀನ ನಟರೊಬ್ಬರ ಫೋಟೋ ಇಡೀ ನಾಡು ನೋಡಿತು. ಅಧಿಕಾರಿಗಳು ಅಮಾನತಾದರು, ಆ ನಟರನ್ನು ಬಳ್ಳಾರಿ ಜೈಲಿಗೆ ಕಳಿಸಿದರು. ಎಲ್ಲರೂ ಸಿಗರೇಟು, ಕಾಫಿ ಮಗ್ಗಿನ ಬಗ್ಗೆ ಮಾತಾಡಿದರು. ತರಬೇತಿ ಕೊಡುವವರು ಆ ಫೋಟೋದಲ್ಲಿ ನೋಡಬೇಕಾದ್ದು ಕುರ್ಚಿಗಳನ್ನು. ಉಳಿದವರು ನೆಲದ ಮೇಲೆ ಕೂರುವ ಜಾಗದಲ್ಲಿ ಕುರ್ಚಿ ಸಿಗೋದು ಯಾರಿಗೆ ಅನ್ನುವುದನ್ನು ಇಡೀ ಜೈಲು ಗಮನಿಸುತ್ತದೆ. ಇಲ್ಲಿ ಯಾರ ಮಾತು ನಡೆಯುತ್ತದೆ ಅಂತ ಅಷ್ಟರಲ್ಲೇ ತಿಳಿದುಕೊಳ್ಳುತ್ತದೆ.

ಬಲೆ ಬೀಸುವ ರೀತಿ ಹೆಚ್ಚುಕಮ್ಮಿ ಒಂದೇ. ಮೊದಲು ಹೊಗಳಿಕೆ: "ನೀವೊಬ್ಬರೇ ಸರ್ ನಮ್ಮನ್ನ ಮನುಷ್ಯರ ಥರ ನೋಡೋದು." ಆಮೇಲೆ ನಿಮ್ಮ ಮನೆಯ ಕಷ್ಟ ಕೇಳೋದು. ಮಗಳ ಫೀಸು, ಅಪ್ಪನ ಆಪರೇಷನ್. ಆಮೇಲೆ ಸಣ್ಣ ನಿಯಮ ಮುರಿಯುವ ಒಂದು ಬೇಡಿಕೆ: ಒಂದು ಚೀಟಿ, ಒಂದು ಕರೆ. ಅದನ್ನು ಮಾಡಿದ ದಿನದಿಂದ ಬೇಡಿಕೆ ಹೋಗಿ ಬೆದರಿಕೆ ಶುರು. ಸಂಬಳ ಸಾಲದ, ಮನೆಯಿಂದ ದೂರ ಇರುವ, ಮೇಲಧಿಕಾರಿಯಿಂದ ಬೈಸಿಕೊಂಡ ಹೊಸ ವಾರ್ಡರ್ ಮೊದಲ ಗುರಿ. ಚೀಟಿ ಕೊಟ್ಟ ದಿನವೇ ಬಂದು ಹೇಳಿದರೆ ಕೆಲಸ ಹೋಗೋದಿಲ್ಲ ಅನ್ನುವ ನಂಬಿಕೆಯನ್ನು ಇಲಾಖೆ ಕೊಡಬೇಕು. ಆ ನಂಬಿಕೆ ಇಲ್ಲದೆ ಪಾಠವಷ್ಟೇ ಉಪಯೋಗಕ್ಕೆ ಬರೋದಿಲ್ಲ. ಇನ್ನು ಮಾತೇ ಆಡದವರು ಸುರಕ್ಷಿತ ಅಂದುಕೊಳ್ಳಬೇಡಿ, ಅವರನ್ನು ದುಡ್ಡಿನಿಂದ ಹಿಡಿಯುತ್ತಾರೆ.

ಅಧಿಕಾರ ಸಿಕ್ಕಿದರೆ ಯಾರಾದರೂ ಕ್ರೂರಿ ಆಗುತ್ತಾರೆ ಅಂತ ಸ್ಟ್ಯಾನ್‌ಫೋರ್ಡ್ ಪ್ರಯೋಗ ತೋರಿಸಿದೆಯಲ್ಲ?

ವಿದ್ಯಾರ್ಥಿಗಳನ್ನೇ ಕೈದಿಗಳು, ಕಾವಲುಗಾರರು ಅಂತ ಹಂಚಿ ನಡೆಸಿದ 1971ರ ಆ ಪ್ರಯೋಗವನ್ನು ಎರಡು ವಾರ ನಡೆಸಬೇಕು ಅಂತಿತ್ತು, ಆರೇ ದಿನಕ್ಕೆ ನಿಲ್ಲಿಸಿದರು. ಕಾವಲುಗಾರರಾಗಿದ್ದ ವಿದ್ಯಾರ್ಥಿಗಳಿಗೆ ಗಡುಸಾಗಿ ಇರುವಂತೆ ಒತ್ತಾಯ ಇತ್ತು ಅಂತ ಆಮೇಲೆ ದಾಖಲೆಗಳಿಂದ ಗೊತ್ತಾಯಿತು. ಹಾಗಾಗಿ ಅದನ್ನು ಮನುಷ್ಯ ಸ್ವಭಾವದ ಪುರಾವೆ ಅಂತ ಪಾಠ ಮಾಡಬೇಡಿ. ಮೇಲಿನವರು ಏನನ್ನು ಬಯಸುತ್ತಾರೆ ಅನ್ನುವ ಸುಳಿವು ಸಿಕ್ಕಿದರೆ ಕೆಳಗಿನವರು ಅದನ್ನೇ ಮಾಡುತ್ತಾರೆ ಅನ್ನೋದಕ್ಕೆ ಅದು ಒಳ್ಳೇ ಉದಾಹರಣೆ. ಅಧೀಕ್ಷಕರಿಗೆ ಆ ಪಾಠ ಬೇಕು.

ತರಗತಿಯಲ್ಲಿ ಇದನ್ನೆಲ್ಲ ಹೇಗೆ ಕಲಿಸೋದು?

ಸ್ಲೈಡ್ ತೋರಿಸಿ ಆಗೋದಿಲ್ಲ. ಮೂರು ಕೆಲಸ ಮಾಡಿಸಬಹುದು.

ಒಂದು, ಬ್ಯಾರಕ್ ನಕ್ಷೆ. ತರಬೇತಿಯಲ್ಲಿರುವವರನ್ನು ಒಂದು ಬ್ಯಾರಕ್ಕಿಗೆ ಕಳಿಸಿ. ಯಾರು ಎಲ್ಲಿ ಮಲಗುತ್ತಾರೆ, ಯಾರ ಸುತ್ತ ಜನ ಜಾಸ್ತಿ, ಯಾರ ಪಕ್ಕ ಯಾರೂ ಇಲ್ಲ ಅಂತ ಬರೆದುಕೊಂಡು ಬರಲಿ. ಒಂದು ವಾರ ಬಿಟ್ಟು ಮತ್ತೆ ಕಳಿಸಿ. ಏನು ಬದಲಾಗಿದೆ, ಯಾಕೆ? ಈ ಕಾಗದಗಳನ್ನು ತರಗತಿ ಮುಗಿದ ಮೇಲೆ ಹರಿದು ಹಾಕಬೇಕು. ಕೈದಿಗಳ ಕೈಗೋ ಬೇರೆ ಸಿಬ್ಬಂದಿಯ ಕೈಗೋ ಸಿಕ್ಕರೆ ಅನಾಹುತ.

ಎರಡು, ನಟನೆ. ಊಟ ಬಡಿಸುವ ಸಾಲು ಮಾಡಿ. ಸಾರಿನ ಪಾತ್ರೆ ಅರ್ಧಕ್ಕೇ ಖಾಲಿ. ಹಿಂದೆ ನಿಂತವರು ಗೊಣಗುತ್ತಿದ್ದಾರೆ. ಒಬ್ಬ ತಟ್ಟೆ ಎಸೆಯುತ್ತಾನೆ. ವಾರ್ಡರ್ ಪಾತ್ರದವರು ಏನು ಮಾಡುತ್ತಾರೆ? ಬಹಳಷ್ಟು ಜನ ತಟ್ಟೆ ಎಸೆದವನ ಕಡೆಗೇ ಓಡುತ್ತಾರೆ. ಅಷ್ಟು ಹೊತ್ತು ಸುಮ್ಮನೆ ನಿಂತು ನೋಡುತ್ತಿದ್ದವನು, ಅವನಿಗೆ ಕಣ್ಸನ್ನೆ ಮಾಡಿದವನು ಕಾಣಿಸುವುದೇ ಇಲ್ಲ. ನಟನೆ ಮುಗಿದ ಮೇಲೆ ಕೈದಿ ಪಾತ್ರ ಮಾಡಿದವರನ್ನು ಮೊದಲು ಮಾತಾಡಿಸಿ. ಅವರಿಗೆ ಎಲ್ಲಿ ಅವಮಾನ ಆಯಿತು ಅಂತ ಕೇಳಿ.

ಮೂರು, ಶಿಕ್ಷೆ ಮುಗಿಸಿ ಹೊರಬಂದು ಬದುಕು ಕಟ್ಟಿಕೊಂಡ ಒಬ್ಬರನ್ನು ಗೌರವಧನ ಕೊಟ್ಟು ಕರೆಸಿ. ಇದಕ್ಕೆ ಇಲಾಖೆಯವರು ಹಿಂಜರಿಯುತ್ತಾರೆ. ಆದರೆ ಕೇಳುವವರ ಮುಖ ನೋಡಿ, ಬೇರೆ ಯಾವ ಪಾಠಕ್ಕೂ ಅಷ್ಟು ಗಮನ ಸಿಗೋದಿಲ್ಲ.

ಆರು ಕೈದಿಗೆ ಒಬ್ಬ ಸಿಬ್ಬಂದಿ ಇರಬೇಕಂತೆ. ನಮ್ಮಲ್ಲಿ ಹಾಗಿಲ್ಲವಲ್ಲ?

ಮಾದರಿ ಕೈಪಿಡಿಯ ಲೆಕ್ಕ ಅದು. ಪೂರ್ತಿ ಭರ್ತಿ ಇದ್ದರೂ ಮೂರು ಪಾಳಿಗೆ ಹಂಚಿದರೆ ಹದಿನೆಂಟು ಜನಕ್ಕೆ ಒಬ್ಬರು. ರಜೆ, ಆಸ್ಪತ್ರೆ ಕಾವಲು, ಗೇಟು ಎಲ್ಲ ಕಳೆದರೆ ಇನ್ನೂ ಕಮ್ಮಿ. ನಿಜದಲ್ಲಿ ಹುದ್ದೆಗಳೂ ಖಾಲಿ ಇರುತ್ತವೆ. ಅದರ ಮೇಲೆ 2022ರಲ್ಲಿ ದೇಶದ ಜೈಲುಗಳು ಸಾಮರ್ಥ್ಯದ ಶೇ. 131ರಷ್ಟು ತುಂಬಿದ್ದವು. ಹಾಗಾಗಿ ತರಬೇತಿ ಕೊಟ್ಟರೆ ಎಲ್ಲ ಸರಿಹೋಗುತ್ತದೆ ಅಂತ ನಾನು ಹೇಳೋದಿಲ್ಲ. ನೂರಾರು ಜನರನ್ನು ಒಬ್ಬರ ಕೈಗೆ ಒಪ್ಪಿಸಿ ಅವರ ಹೆಸರು ನೆನಪಿಟ್ಟುಕೋ ಅನ್ನೋದು ಅನ್ಯಾಯ. ನೇಮಕಾತಿ ಆಗಲೇಬೇಕು. ಜೊತೆಗೆ ಒಳಗಿರುವವರ ಸಂಖ್ಯೆ ಇಳಿಯಬೇಕು. ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 479ನೇ ಸೆಕ್ಷನ್ ಪ್ರಕಾರ, ಹಿಂದೆ ಯಾವ ಕೇಸಿನಲ್ಲೂ ಶಿಕ್ಷೆಯಾಗದ ವಿಚಾರಣಾಧೀನರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಬಿಡುಗಡೆಗೆ ಅರ್ಹರು. ಗಲ್ಲು, ಜೀವಾವಧಿ ಶಿಕ್ಷೆಯ ಕೇಸುಗಳಿಗೆ, ಒಂದಕ್ಕಿಂತ ಹೆಚ್ಚು ಕೇಸು ಇರುವವರಿಗೆ ಇದು ಸಿಗೋದಿಲ್ಲ. ಅರ್ಹರ ಪಟ್ಟಿ ಮಾಡಿ ಕೋರ್ಟಿಗೆ ಬರೆಯುವುದು ಅಧೀಕ್ಷಕರ ಹೊಣೆ. ಬ್ಯಾರಕ್ಕಿನ ವಾರ್ಡರ್‌ಗೂ ಈ ಕಾನೂನು ಗೊತ್ತಿರಬೇಕು. ಕೈದಿ ಮೊದಲು ಕೇಳೋದು ಅವರನ್ನೇ.

ಒಳಗಿರುವವರ ಮನೆಯವರು ಏನು ಮಾಡಬಹುದು?

ಸಂದರ್ಶನದಲ್ಲಿ ಅವರ ಮಾತಿಗಿಂತ ಮೈ ನೋಡಿ. ತೂಕ, ಗಾಯ, ಮೇಲಿಂದ ಮೇಲೆ ದುಡ್ಡು ಕೇಳೋದು, ಅಪರಿಚಿತರ ಖಾತೆಗೆ ದುಡ್ಡು ಹಾಕಿ ಅನ್ನೋದು. ಅನುಮಾನ ಬಂದರೆ ಅಧೀಕ್ಷಕರಿಗೆ ಬರೆದು ಕೊಡಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೂ ಒಂದು ಪ್ರತಿ ಕೊಡಿ. 1979ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತಿಹಾರ್ ಜೈಲಿನ ಹಿಂಸೆಯ ಬಗ್ಗೆ ದೊಡ್ಡ ತೀರ್ಪು ಕೊಟ್ಟದ್ದು ಸುನಿಲ್ ಬಾತ್ರಾ ಅನ್ನುವ ಕೈದಿ ಇನ್ನೊಬ್ಬ ಕೈದಿಗಾಗಿ ಬರೆದ ಒಂದು ಕಾಗದದ ಮೇಲೆ.

ನಾಳೆ ಡ್ಯೂಟಿಗೆ ಸೇರುತ್ತಿದ್ದೇನೆ. ಮೊದಲ ವಾರ ಏನು ಮಾಡಲಿ?

ನಿಮಗೆ ಕೊಟ್ಟ ಬ್ಯಾರಕ್ಕಿನಲ್ಲಿ ದಿನಕ್ಕೆ ಹತ್ತು ಹೆಸರು ಕಲಿಯಿರಿ. ಅಡ್ಡಹೆಸರಿನಿಂದ ಯಾರನ್ನೂ ಕರೆಯಬೇಡಿ. ಯಾರಿಂದಲೂ ಟೀ ಕೂಡ ತಗೋಬೇಡಿ. ನಿಮ್ಮ ಊರು, ಮನೆ, ಫೋನ್ ನಂಬರ್ ಹೇಳಬೇಡಿ, ಕೇಳಿದರೆ ನಕ್ಕು ಮಾತು ಬದಲಾಯಿಸಿ. ಹಿರಿಯ ವಾರ್ಡರ್ ಒಬ್ಬರನ್ನು ಆರಿಸಿಕೊಳ್ಳಿ, ಬ್ಯಾರಕ್ ಗಲಾಟೆ ಮಾಡಿದಾಗಲೂ ದನಿ ಏರಿಸದವರನ್ನು. ಅವರು ಎಲ್ಲಿ ನಿಲ್ಲುತ್ತಾರೆ, ಯಾರನ್ನು ಮೊದಲು ಮಾತಾಡಿಸುತ್ತಾರೆ ಅಂತ ನೋಡಿ. ಕೋರ್ಟಿಗೆ ಹೋದವರು ವಾಪಸ್ ಬರುವ ಹೊತ್ತಿಗೆ ಗೇಟಿನ ಹತ್ತಿರ ಇರಲು ಸಾಧ್ಯವಾದರೆ ಇರಿ. ಯಾರ ಡೇಟ್ ಮುಂದಕ್ಕೆ ಹೋಯಿತು, ಯಾರ ಜಾಮೀನು ಬಿದ್ದುಹೋಯಿತು ಅಂತ ಆ ಮುಖಗಳಲ್ಲೇ ಗೊತ್ತಾಗುತ್ತದೆ. ರಾತ್ರಿ ಪಾಳಿಯವರು ಬಂದಾಗ ಆ ಹೆಸರುಗಳನ್ನು ಬರೆದುಕೊಟ್ಟು ಹೋಗಿ.